ಕಣ್ಣಿನ ಪಾಲು

ಸೂರ್ಯ ಇನ್ನೂ ನಾಲ್ಕು ಬೆರಳು ಮೇಲಿದ್ದ. ಸುಜನ್ ಬಲಗೈ ಮುಂದೆ ಚಾಚಿ, ಬೆರಳುಗಳನ್ನು ಅಡ್ಡಡ್ಡ ಜೋಡಿಸಿ, ಕಿರುಬೆರಳಿನ ಅಂಚನ್ನು ಕಡಲ ಗೆರೆಯ ಮೇಲೆ ಕೂರಿಸಿ ಅಳೆದ. ಸೂರ್ಯಾಸ್ತದ ಹೊತ್ತನ್ನು ಸೆಕೆಂಡಿನವರೆಗೆ ಹೇಳುವ ಆ್ಯಪ್ ಮೊಬೈಲಿನಲ್ಲಿತ್ತು, ಅದನ್ನು ಆಗಲೇ ನೋಡಿಯೂ ಆಗಿತ್ತು. ಕೈ ಮಾತ್ರ ತನ್ನಷ್ಟಕ್ಕೆ ಎದ್ದಿತ್ತು. ಇದು ಅಪ್ಪಯ್ಯನ ಅಳತೆ. ಎದ್ದ ಕೈಯನ್ನು ಇನ್ನೇನು ಮಾಡುವುದೆಂದು ತಿಳಿಯದೆ ಅದರಿಂದ ಕತ್ತು ಕೆರೆದುಕೊಂಡ. ಪಕ್ಕದಲ್ಲಿ ಅನೀಶ್ ಬಿಳಿ ಪ್ಯಾಂಟನ್ನು ಮೀನಖಂಡದವರೆಗೆ ಮಡಚುತ್ತ ನಿಂತಿದ್ದ. ಸಾಲಿಗ್ರಾಮದ ಅರ್ಚಕರ ಮನೆಯ ಹುಡುಗ. ಬರುವ ತಿಂಗಳು ಅವನಿಗೂ ಅನ್ವಿತಾಳಿಗೂ ಮದುವೆ. ಅದಕ್ಕೆ ಮೊದಲು ಇಬ್ಬರ ನಡುವೆ ಸೂರ್ಯ ಇಡಿಯಾಗಿ ಕಡಲಿಗಿಳಿಯುವ ಒಂದು ವೀಡಿಯೊ ಆಗಬೇಕಿತ್ತು. ಮೊನ್ನೆ ಆಗಲಿಲ್ಲ, ನಿನ್ನೆಯೂ ಆಗಲಿಲ್ಲ. ನೀರು ಮುಟ್ಟಲು ಇನ್ನೇನು ಒಂದು ಬೆರಳು ಎನ್ನುವಾಗ ಬೂದಿ ಬಣ್ಣದ ಮಬ್ಬೊಂದು ಸೂರ್ಯನನ್ನು ಸದ್ದಿಲ್ಲದೆ ಒರೆಸಿ ಹಾಕಿತ್ತು.

"ಹ್ವಾಯ್ ಸುಜನಣ್ಣ, ಇವತ್ತಾರೂ ಸಮಾ ಮುಳುಗ್ತ್ನಾ ಅವ?" ಎಂದ ಅನೀಶ್.

"ಮುಳುಗ್ದೆ ಎಲ್ಲಿಗ್ ಹೋತ? ನೀವ್ ಅವ್ನಿಗೆ ಮದಿ ಹೇಳ್ಕೆ ಕಾಗ್ದ ಕೊಡ್ಲಿಲ್ಯ ಕಾಣ್ತ್, ಅದ್ಕೆ ಸಿಟ್ಟ್." ಹೇಳಿದ ಬೆನ್ನಿಗೇ ಸುಜನನ ಬಾಯಿ ಕುಂದಾಪುರ–ಬೈಂದೂರು ಬಸ್ಸಿನ ಕಂಡಕ್ಟರನದಾಯಿತು. ಮೂಗಿನಲ್ಲಿ ಹುಟ್ಟಿ ಮೂಗಿನಲ್ಲೇ ಮುಗಿಯುವ ಸ್ವರ: "ಮುಳುಗೋರ್ ಮುಂದ್ ಬನಿ, ಮುಳುಗೋರ್ ಮುಂದ್ ಬನಿ! ಹಿಂದೆ ಜಾಗ ಇತ್ತಲೆ, ಒಳಗ್ ಹೋಯ್ನಿ!"

ಅನ್ವಿತಾ ಹೊಟ್ಟೆ ಹಿಡಿದು ನಕ್ಕಳು. ಅವಳು ನಕ್ಕದ್ದು ಸುಜನನಿಗೆ ಕಾಣಿಸಿತು, ಕೇಳಿಸಿತು, ಎಲ್ಲಿಯೂ ತಾಗಲಿಲ್ಲ. ಹಲ್ಲು ಕೀಳಿಸಲು ಸೂಜಿ ಚುಚ್ಚಿಸಿಕೊಂಡ ಮೇಲೆ ದವಡೆಯನ್ನು ಬೆರಳಿನಿಂದ ಒತ್ತಿದರೆ, ಒತ್ತಿದ್ದು ಬೆರಳಿಗೆ ಗೊತ್ತಾಗುತ್ತದೆ, ದವಡೆಗೆ ಗೊತ್ತಾಗುವುದಿಲ್ಲ. ಎರಡು ಮಳೆಗಾಲದ ಹಿಂದೆ ಅಪ್ಪಯ್ಯನನ್ನು ಸುಟ್ಟು ಬಂದಾಗಿನಿಂದ ಹೀಗೆ. ಆವತ್ತು ಮನೆಯಲ್ಲಿ ಎಲ್ಲರೂ ಅಳುವಾಗ ಅವನು ಯಾರ ಅಳು ಯಾವ ಸ್ವರದಲ್ಲಿ ಏರುತ್ತದೆ, ಎಲ್ಲಿ ಮುರಿಯುತ್ತದೆ ಎಂದು ಕೇಳುತ್ತಿದ್ದ. ದೊಡ್ಡತ್ತೆಯದು ಮೇಲೆ ಹೋಗಿ ಹೋಗಿ ಕೊನೆಗೆ ಕುಕ್ಕರಿನಂತೆ ನಿಲ್ಲುತ್ತಿತ್ತು. ಒಂದು ವಾರದೊಳಗೆ ಆ ಅಳು ಅವನ ಬಾಯಿಗೆ ಬಂದಿತ್ತು. ತನ್ನದೇ ಅಳು ಹೇಗಿರುತ್ತದೆಂದು ತಿಳಿಯಲು ಮಾತ್ರ ಆಗಲಿಲ್ಲ, ಕೇಳಿದ್ದರಲ್ಲವೆ ಅನುಕರಿಸುವುದು.

ಪೆಟ್ಟಿಗೆಯಿಂದ ಡ್ರೋನ್ ತೆಗೆದು ಅದರ ರೆಕ್ಕೆಗಳನ್ನು ಒಂದೊಂದಾಗಿ ಬಿಡಿಸಿದ. ಗಂಗೊಳ್ಳಿಯಿಂದ ಬೈಂದೂರಿನವರೆಗೆ ಅವನನ್ನು ದ್ರೋಣಾಚಾರ್ಯ ಎಂದೇ ಕರೆಯುತ್ತಿದ್ದರು. ಹೆಸರು ಕೊಟ್ಟವನು ಬೇರೆ ಯಾರೂ ಅಲ್ಲ, ಅವನೇ. ಬೇರೆಯವರು ಇಟ್ಟರೆ ಚುಚ್ಚೀತೆಂದು ತಾನೇ ಮೊದಲು ಇಟ್ಟುಕೊಂಡದ್ದು. ಆ ದ್ರೋಣ ಶಿಷ್ಯನ ಹೆಬ್ಬೆರಳು ಕೇಳಿದ. ಈ ದ್ರೋಣ ಎರಡೂ ಹೆಬ್ಬೆರಳುಗಳನ್ನು ರಿಮೋಟಿನ ಕಡ್ಡಿಗಳಿಗೆ ದಿನವೂ ತಾನೇ ಒಪ್ಪಿಸುತ್ತಾನೆ. ಈ ಜೋಕನ್ನು ಎಷ್ಟು ಮದುವೆಗಳಲ್ಲಿ ಹೇಳಿದ್ದನೋ. ಜನ ನಗುತ್ತಾರೆ, ಅಷ್ಟರಲ್ಲಿ ಡ್ರೋನ್ ಮೇಲೆದ್ದಿರುತ್ತದೆ, ಮತ್ತೆ ಯಾರೂ ಅವನನ್ನು ನೋಡುವುದಿಲ್ಲ. ಎಲ್ಲರ ಕತ್ತೂ ಆಕಾಶಕ್ಕೆ. ಆ ಹೊತ್ತು ಅವನಿಗೆ ಇಷ್ಟ.

ಕಂಚುಗೋಡಿನ ಈ ಕಡಲ ಬದಿಯಲ್ಲಿ ಅವರು ಮೂವರೇ ಇರಲಿಲ್ಲ. ಸ್ವಲ್ಪ ತೆಂಕಿಗೆ, ದಡದಿಂದಲೇ ಬಲೆ ಎಳೆಯುವ ಕೈರಂಪಣಿಯವರು ಕೂತಿದ್ದರು. ಬಲೆಯ ಒಂದು ಹಗ್ಗದ ತುದಿ ಅವರ ಕೈಯಲ್ಲಿ, ಬಲೆ ಪೇರಿಸಿದ ದೋಣಿ ಅಲೆಗಳ ಆಚೆ ನೀರಿನ ಮೇಲೆ. ದೋಣಿ ಬಲೆ ಬಿಡುತ್ತ ಅರ್ಧ ಸುತ್ತು ಬಂದು ಇನ್ನೊಂದು ಹಗ್ಗವನ್ನು ದಡಕ್ಕೆ ಮುಟ್ಟಿಸಿದರೆ, ಎರಡೂ ಬದಿಯವರು ಎಳೆಯುತ್ತಾರೆ. ಎಲ್ಲಿ ಬಿಡುವುದು, ಯಾವಾಗ ಬಿಡುವುದು ಎಂಬುದು ದೋಣಿಯಲ್ಲಿ ಇದ್ದವರಿಗೆ ಕಾಣುವುದಿಲ್ಲ. ದಡದ ದಿಬ್ಬದ ಮೇಲೆ ಒಬ್ಬ ನಿಲ್ಲಬೇಕು. ನೀರಿನ ಬಣ್ಣ ಕಪ್ಪಾಗಿ ಹರಿಯುವುದನ್ನು ಅಲ್ಲಿಂದ ಕಂಡು, ಹೆಗಲ ಮೇಲಿನ ಕೆಂಪು ಬೈರಾಸು ಬೀಸಿ ಕರೆಯಬೇಕು. ಅವನು ತಂಡದ ಕಣ್ಣು. ಎಳೆದದ್ದರಲ್ಲಿ ಮೊದಲ ಪಾಲು ಕಣ್ಣಿಗೆ. ಮೀನು ಬಂದರೆ ಮೀನು, ಕಸ ಬಂದರೆ ಕಸ. ಕರೆದವನು ಹೊತ್ತುಕೊಂಡು ಮನೆಗೆ ಹೋಗಬೇಕು. ಸುಜನನ ಅಪ್ಪಯ್ಯ ಇಡೀ ಜೀವಮಾನ ಆ ದಿಬ್ಬದ ಮೇಲೆ ನಿಂತಿದ್ದ. ಅವನ ನಂತರ ಅಲ್ಲಿ ಯಾರೂ ನಿಂತಿಲ್ಲ. ತಂಡದ ಯಜಮಾನ, ತಂಡೇಲ ಕಿಟ್ಟಣ್ಣ ದೋಣಿಯಿಂದಲೇ ಅಂದಾಜಿನಲ್ಲಿ ಬಲೆ ಬಿಡಿಸುತ್ತಾನೆ. ಮೊದಲ ಪಾಲನ್ನು ಬೇರೆ ತೆಗೆದಿಟ್ಟು, ವಾರಸುದಾರನಿಲ್ಲವೆಂದು ಕಡಲಿಗೇ ಎಸೆಯುತ್ತಾನೆ.

ಮಧ್ಯಾಹ್ನ ದೋಣಿ ನೂಕುವಾಗ ಕಿಟ್ಟಣ್ಣ ಸುಜನನ ಹತ್ತಿರ ಬಂದು ನಿಂತಿದ್ದ. "ದ್ರೋಣಾಚಾರ್ರೆ, ನಿಮ್ಮ ಆ ಹಕ್ಕಿನ ಒಂದ್ಸಲ ನಮ್ಗೂ ಹಾರ್ಸಿ ಕಾಣಿ. ದಿಬ್ಬಕ್ಕಿಂತ ಮೇಲಿಂದ ಕಾಂತ್ ಅಲ್ದಾ?" ನಂತರ ತಮಾಷೆ ಬಿಟ್ಟು, ಸ್ವರ ಇಳಿಸಿ: "ಅಪ್ಪನ್ ಜಾಗ ಹಾಂಗೇ ಇತ್ತ್ ಮಗ. ಈ ವರ್ಷ ಕಾಂತೆ. ನೀ ನಿಲ್ಲುದಿಲ್ಲ ಅಂದ್ರೆ ಬೇರೆ ಯಾರನ್ನಾರೂ ನಿಲ್ಸ್ಕಲೆ."

"ಇವತ್ತ್ ಬ್ಯಾಟ್ರಿ ಕಮ್ಮಿ ಕಿಟ್ಟಣ್ಣ. ನಾಳೆ ಕಾಂಬ."

"ನಿನ್ ನಾಳೆಗ್ ಎಷ್ಟ್ ಬ್ಯಾಟ್ರಿಯಾ?" ಎಂದು ಕಿಟ್ಟಣ್ಣ ದೋಣಿ ಹತ್ತಿದ್ದ. ಚೀಲದಲ್ಲಿ ತುಂಬು ಚಾರ್ಜಿನ ಬ್ಯಾಟರಿಗಳು ಬೆಚ್ಚಗೆ ಮಲಗಿದ್ದವು. ಅಮ್ಮ ಕಮಲ ತನ್ನ ಮೀನಿನ ಬುಟ್ಟಿಯ ಪಕ್ಕ ಕೂತು ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಆ ಜಾಗಕ್ಕೆ ಮಗ ನಿಲ್ಲಲಿ ಎಂದು ಅವಳು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಅಪ್ಪಯ್ಯನ ಕೆಂಪು ಬೈರಾಸನ್ನು ಪ್ರತಿ ವಾರ ಒಗೆದು ಒಣಗಿಸುತ್ತಿದ್ದಳು, ಯಾರೋ ದಿನವೂ ಬಳಸುತ್ತಿರುವ ಹಾಗೆ.

ಡ್ರೋನ್ ಮರಳೆಬ್ಬಿಸಿ ಮೇಲೇರಿತು. ಎರಡು ಬೆರಳು. ಮಬ್ಬು ಇಂದು ಇರಲಿಲ್ಲ. ಕಡಲ ಗೆರೆ ಬ್ಲೇಡಿನಿಂದ ಗೀರಿದಷ್ಟು ಚೊಕ್ಕ. ಪರದೆಯಲ್ಲಿ ದಡ ಒಂದು ಬಂಗಾರದ ಪಟ್ಟಿಯಾಯಿತು, ಅನೀಶ್ ಒಂದು ಬಿಳಿ ಚುಕ್ಕೆ, ಅನ್ವಿತಾ ಒಂದು ಬಿಳಿ ಚುಕ್ಕೆಯ ಹಿಂದೆ ಕೆಂಪು ಗೆರೆ. ಬಾಡಿಗೆಗೆ ತಂದ ಉದ್ದನೆಯ ಕೆಂಪು ಬಟ್ಟೆ ಅದು; ಅದನ್ನು ತಲೆಯ ಮೇಲೆ ಬೀಸುತ್ತ ಅವಳು ಓಡಬೇಕು, ಗಾಳಿ ತುಂಬಿ ಅದು ಹಾಯಿಯಾಗಬೇಕು, ಹಾಯಿಯ ಕೆಳಗೆ ಸೂರ್ಯ ಇಳಿಯಬೇಕು. ಅವಳು ಓಡಿದಳು. ಬಟ್ಟೆ ಒದ್ದೆ ಮರಳಿನ ಮೇಲೆ ಎಳೆದುಕೊಂಡು ಬಂತು.

"ಎಂತ ಅನ್ವಿತಾ ಅದ್, ನೆಲ ಒರ್ಸುದಾ?" ಎಂದ ಅನೀಶ್.

"ನೀನೇ ಬೀಸ್ ಕಾಂಬ! ಇದ್ ಎಷ್ಟ್ ಭಾರ ಇತ್ತ್ ಗೊತ್ತಿತಾ?"

"ಬೈಬೇಡಿ, ಬೈಬೇಡಿ. ಮದಿ ಆದ್ಮೇಲೆ ಬೈಲಕ್ಕ್, ಆಗ ಪುಕ್ಕಟೆ," ಎಂದ ಸುಜನ್. ಒಂದು ಬೆರಳು. ಡ್ರೋನನ್ನು ನಿಂತಲ್ಲೇ ನಿಲ್ಲಿಸಿ, ರಿಮೋಟನ್ನು ಕೊರಳ ಪಟ್ಟಿಗೆ ಜೋತುಬಿಟ್ಟು, ಅವಳ ಕೈಯಿಂದ ಬಟ್ಟೆ ತೆಗೆದುಕೊಂಡ. ಸೊಂಟದಿಂದ ಬೀಸಬೇಕು, ತೋಳಿನಿಂದಲ್ಲ ಎಂದು ಹೇಳಲು ಬಾಯಿ ತೆರೆದ. ಹೇಳುವುದಕ್ಕಿಂತ ತೋರಿಸುವುದು ಸುಲಭ. ಗಾಳಿ ಸಿಗಲೆಂದು ಎರಡು ಹೆಜ್ಜೆ ಮೇಲೆ ಹತ್ತಿದ. ಹತ್ತಿದ್ದು ಯಾವ ದಿಬ್ಬವೆಂದು ಕಾಲಿಗೆ ಗೊತ್ತಿತ್ತೇನೋ. ಬಟ್ಟೆಯ ಎರಡೂ ತುದಿ ಹಿಡಿದು ತಲೆಯ ಮೇಲೆ ಒಂದು ಸುತ್ತು ತಿರುಗಿಸಿದ. ತೆಂಕಿಗೆ ಒಮ್ಮೆ ನೂಕಿದ, ಇನ್ನೊಮ್ಮೆ ನೂಕಿದ. ಅಷ್ಟರಲ್ಲಿ ಅವನಿಗೆ ಇದು ಯಾರ ಕೈ ಎಂದು ತಿಳಿಯಿತು. ಕತ್ತು ಆ ಬದಿಗೇ ವಾಲಿತ್ತು, ಗಂಟಲಲ್ಲಿ ಅಪ್ಪಯ್ಯನ ಕೆಮ್ಮಿನ ಕೆರೆತವೇ ಎದ್ದಿತ್ತು. ನಿಲ್ಲಿಸಬಹುದಿತ್ತು. ಆದರೆ ಹಾಕಿದ ವೇಷವನ್ನು ನಡುವೆ ಕಳಚುವುದು ಅವನಿಗೆ ಎಂದೂ ಬಂದಿಲ್ಲ. ಒಳಗಿನಿಂದ ಬೇರೆ ಯಾರೋ ಆಡುತ್ತಿರುವಾಗ ತಾನು ಕೂತು ನೋಡುವುದೇ ಅಭ್ಯಾಸ. ಬಟ್ಟೆಯನ್ನು ಮೇಲಿನಿಂದ ಮೊಣಕಾಲಿನವರೆಗೆ ರಪ್ಪನೆ ಇಳಿಸಿದ. ಬಿಡಿ, ಎಂದರ್ಥ. ಬಲಗಾಲಿನ ಹಿಮ್ಮಡಿ ಎದ್ದು ಕೂತಿತು.

ಅನ್ವಿತಾ ಚಪ್ಪಾಳೆ ತಟ್ಟಿದಳು. ಯುವಕ ಮಂಡಲದ ವಾರ್ಷಿಕೋತ್ಸವದಲ್ಲೂ ಹೀಗೇ ಚಪ್ಪಾಳೆ ಬಿದ್ದಿತ್ತು. ಕುಂದಾಪುರದಲ್ಲಿ ಡಿಗ್ರಿಯ ಕೊನೆಯ ವರ್ಷ ಆಗ. ಆ ವಾರವಷ್ಟೇ ಅಪ್ಪಯ್ಯ ಮೋಡದ ನೆರಳನ್ನು ಮೀನಿನ ಹಿಂಡೆಂದು ತಿಳಿದು ಕರೆದಿದ್ದ. ಬಲೆಯಲ್ಲಿ ಪಾಚಿ ಬಂದಿತ್ತು. ಪಾಲಿನ ಪಾಚಿಯನ್ನು ಬೈರಾಸಿನಲ್ಲಿ ಕಟ್ಟಿಕೊಂಡು ಬಂದು ಜಗಲಿಯ ಮೇಲೆ ಇಟ್ಟಿದ್ದ. ಅಮ್ಮ ಅದನ್ನು ತೆಂಗಿನ ಬುಡಕ್ಕೆ ಹಾಕಿದ್ದಳು. ಸುಜನ್ ವೇದಿಕೆಯ ಮೇಲೆ ಅದೇ ಬೈರಾಸು ಹಿಡಿದು, ಕಣ್ಣು ಕಿರಿದು ಮಾಡಿ, ಬೀಸಿ ಬೀಸಿ, ಕೊನೆಗೆ ಹಣೆ ಚಚ್ಚಿಕೊಂಡು, "ಅಯ್ಯಬ್ಬ, ಅದ್ ಮೋಡದ್ ನೆಳ್ಳಾ!" ಎಂದಾಗ ಮೈದಾನ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಪ್ಪಯ್ಯ ಎಲ್ಲರಿಗಿಂತ ಜಾಸ್ತಿ ನಕ್ಕ, ಕಣ್ಣು ಒರೆಸಿಕೊಂಡು ನಕ್ಕ. ಮನೆಗೆ ನಡೆಯುವಾಗ ಹೇಳಿದ: "ಲಾಯ್ಕ್ ಮಾಡ್ದೆ ಮಗ. ಹಿಮ್ಮಡಿ ಎತ್ತುದ್ ಒಂದ್ ಬಿಟ್ ಹೋಯ್ತ್." ಮಾರನೆಯ ದಿನ ಬೈರಾಸನ್ನು ಗೂಟಕ್ಕೆ ಸಿಕ್ಕಿಸಿ, ಕಣ್ಣು ಮಂಜಾಗುತ್ತದೆ ಎಂದ. ಮತ್ತೆ ದಿಬ್ಬ ಹತ್ತಲಿಲ್ಲ.

ಎರಡು ಬೆರಳು. ಬಟ್ಟೆ ಬೇಡ, ಬರೀ ಕೈ ಹಿಡಿದು ಓಡಿ ಎಂದು ಇಬ್ಬರಿಗೂ ಹೇಳಿ, ಅದನ್ನು ಹೆಗಲಿಗೆ ಹಾಕಿಕೊಂಡು ಸುಜನ್ ರಿಮೋಟ್ ಎತ್ತಿಕೊಂಡ. ಪರದೆಯಲ್ಲಿ ದೋಣಿಯ ಮೂತಿ ತೆಂಕಿಗೆ ತಿರುಗಿತ್ತು. ಬಿಸಿಲು ದೋಣಿಯ ಬೆನ್ನ ಹಿಂದಿನಿಂದ ದಡದ ಮೇಲೆ ಬೀಳುತ್ತಿತ್ತು. ಅಲ್ಲಿಂದ ನೋಡುವವರಿಗೆ ದಿಬ್ಬ, ದಿಬ್ಬದ ಮೇಲಿನ ಆಳು, ಆಳಿನ ಕೈಯ ಕೆಂಪು, ಎಲ್ಲವೂ ಎಣ್ಣೆ ಹಚ್ಚಿ ತೊಳೆದ ಹಾಗೆ ಕಂಡಿರಬೇಕು. ಬಲೆಯನ್ನು ತೇಲಿಸುವ ಬೆಂಡುಗಳು ಒಂದರ ಹಿಂದೊಂದು ನೀರಿಗೆ ಬೀಳುತ್ತಿದ್ದವು. ಮಣಿಸರ ಬಿಚ್ಚಿದಂತೆ ಬಲೆ ಅರ್ಧ ಚಂದ್ರವಾಗುತ್ತಿತ್ತು. ಅದರ ಒಳಗಿನ ನೀರು ತಿಳಿಯಾಗಿತ್ತು. ಎಷ್ಟು ತಿಳಿ ಎಂದರೆ ತಳದ ಮರಳಿನ ನೆರಿಗೆಗಳು ಕಾಣುತ್ತಿದ್ದವು. ಅಲ್ಲಿ ಏನೂ ಕಾಣಲಿಲ್ಲ. ಏನಾದರೂ ಇದ್ದದ್ದು ಬಡಗಿನಲ್ಲಿ, ಬಲೆಯ ಹೊರಗೆ. ದೊಡ್ಡದೊಂದು ಕಪ್ಪು ಮಚ್ಚೆ, ಅಂಚುಗಳನ್ನು ಒಳಕ್ಕೆಳೆದು ಹೊರಕ್ಕೆ ಚಾಚಿ ಉಸಿರಾಡುವ ಮಚ್ಚೆ, ದಡಕ್ಕೆ ಹತ್ತಿರವಾಗಿಯೇ ಹರಿಯುತ್ತಿತ್ತು. ಬಂಗುಡೆ ಇರಬೇಕು. ಮೋಡದ ನೆರಳಲ್ಲ, ಇವತ್ತು ಮೋಡವೇ ಇಲ್ಲ. ಒಂದು ಕೂಗು ಸಾಕಿತ್ತು. ಬಲೆ ಇನ್ನೂ ಅರ್ಧ ದೋಣಿಯಲ್ಲೇ ಇತ್ತು. ಕಿಟ್ಟಣ್ಣ ಎಂದು ಕೂಗಿ, ಬಟ್ಟೆಯನ್ನು ಬಡಗಿಗೆ ಒಮ್ಮೆ ಬೀಸಿದ್ದರೆ ಸಾಕಿತ್ತು.

ಸೂರ್ಯ ನೀರು ಮುಟ್ಟಿದ. ತಳ ಸ್ವಲ್ಪ ಅಗಲವಾಯಿತು, ಒತ್ತಿದ ಹಣ್ಣಿನ ಹಾಗೆ. ಬೆಂಡುಗಳ ಅರ್ಧ ಚಂದ್ರ, ಅದರ ಬಾಯಲ್ಲಿ ಸೂರ್ಯ, ಕೆಳಗೆ ಕೈ ಹಿಡಿದು ಓಡುವ ಎರಡು ಬಿಳಿ ಚುಕ್ಕೆ. ಇಂಥ ಚೌಕಟ್ಟು ಮತ್ತೆ ಸಿಗುವುದಿಲ್ಲ ಎಂದು ಸುಜನನಿಗೆ ಗೊತ್ತಿತ್ತು. ಅದು ಗೊತ್ತಿದ್ದದ್ದೂ ದವಡೆಯನ್ನು ಬೆರಳಿನಿಂದ ಒತ್ತಿದ ಹಾಗೆಯೇ. ಕ್ಯಾಮೆರಾ ನಿಧಾನ ಹಿಂದೆ ಸರಿಯಿತು. ಮಚ್ಚೆಯೂ ಚೌಕಟ್ಟಿನೊಳಗೆ ಬಂತು. ಬಂದರೆ ಬರಲಿ, ಬಣ್ಣಕ್ಕೆ ಚೆನ್ನಾಗಿತ್ತು. ಅರ್ಧ. ಕಾಲು. ಉಗುರಿನಷ್ಟು. ಇಲ್ಲ. ಮುಗಿದ ಮೇಲೆ, ಕೂಗಬೇಕಿದ್ದ ಮಾತು ಬಾಯಲ್ಲಿ ಇನ್ನೂ ಹಾಗೇ ಇತ್ತು, ಅಗಿಯಲು ಮರೆತ ತುತ್ತಿನಂತೆ.

ದೋಣಿ ಎರಡನೆಯ ಹಗ್ಗ ತಂದು ಮುಟ್ಟಿಸಿತು. "ಹ್ವಾಯ್, ಹಗ್ಗಕ್ಕ್ ಬನಿ!" ಎಂದು ಕೂಗು ಬಿತ್ತು. ಕಿಟ್ಟಣ್ಣನ ಮುಖದಲ್ಲಿ ಬಹಳ ದಿನಗಳಿಂದ ಇಲ್ಲದ ಒಂದು ಕಳೆ. ಬಂದವರೆಲ್ಲ ಹಿಡಿಯಬಹುದು, ಹಿಡಿದವರಿಗೆಲ್ಲ ಪಾಲು ಎಂದು ಕೇಳಿ ಅನೀಶನೂ ಅನ್ವಿತಾಳೂ ಓಡಿದರು. "ಸುಜನಣ್ಣ, ಇದನ್ನೂ ತೆಗಿನಿ!" ಡ್ರೋನನ್ನು ಇಳಿಸಿ ಸುಜನ್ ಕೊನೆಯಲ್ಲಿ ಹೋಗಿ ಅಮ್ಮನ ಹಿಂದೆ ಹಗ್ಗ ಹಿಡಿದ. ರಿಮೋಟ್ ಎದೆಯ ಮೇಲೆ ತೂಗುತ್ತಿತ್ತು, ಕೆಂಪು ಬಟ್ಟೆ ಹೆಗಲ ಮೇಲೇ ಉಳಿದಿತ್ತು. ಒದ್ದೆ ಹಗ್ಗ ಅಂಗೈಯನ್ನು ಉಜ್ಜುತ್ತಿತ್ತು. ಅಮ್ಮ ತಿರುಗಲಿಲ್ಲ. ಹಿಂದಕ್ಕೆ ಒಂದು ಹೆಜ್ಜೆ, ಎಳೆತ, ಇನ್ನೊಂದು ಹೆಜ್ಜೆ. ಹಗ್ಗಕ್ಕೆ ಹೇಳುವಂತೆ ಹೇಳಿದಳು:

"ಹಿಮ್ಮಡಿಯೂ ಎತ್ತಿದ್ಯಲೆ."

ಇಂಥ ಹೊತ್ತಿಗೆಂದೇ ಸುಜನನಲ್ಲಿ ಒಂದು ರಾಶಿ ಸ್ವರಗಳಿದ್ದವು. ಕಂಡಕ್ಟರ್, ಪ್ರಿನ್ಸಿಪಾಲರು, ಐಸ್ ಪ್ಲಾಂಟಿನ ಮುದುಕ. ಒಬ್ಬನೂ ಮುಂದೆ ಬರಲಿಲ್ಲ.

ಬಲೆಯ ಹೊಟ್ಟೆ ದಡಕ್ಕೆ ಬಿದ್ದಾಗ ಅದು ತುಂಬಿಯೇ ಇತ್ತು. ಲೋಳೆಮೀನು. ಗಾಜಿನಂಥ, ಮೂಳೆಯಿಲ್ಲದ, ಕಣ್ಣಿಲ್ಲದ ಗುಡ್ಡೆ ಮರಳಿನ ಮೇಲೆ ಹರಡಿ ಅಲುಗಿತು. ನಡುವೆ ಕೆಲವು ಏಡಿ, ಬಾಟಲಿಗಳು, ಒಂಟಿ ಚಪ್ಪಲಿ. ಆಮೇಲೆ ವನಜಕ್ಕ, ಅಮ್ಮನ ಜೊತೆ ಮೀನು ಮಾರುವವಳು, ಸೊಂಟದ ಮೇಲೆ ಕೈಯಿಟ್ಟು, "ಇನ್ನೊಂದ್ ಚಪ್ಲಿ ನಾಳೆ ಬತ್ತಾ ಎಂತ?" ಎಂದಳು. ಕೆಲವರು ನಕ್ಕರು. ಕಿಟ್ಟಣ್ಣ ನಗಲಿಲ್ಲ, ಬೈಯಲೂ ಇಲ್ಲ. ಪದ್ಧತಿಯಂತೆ ಮೊದಲ ಪಾಲನ್ನು ಜಡ್ಡುಗಟ್ಟಿದ ಅಂಗೈಗಳಲ್ಲಿ ಎರಡು ಬೊಗಸೆ ತುಂಬ ತೆಗೆದು ಬೇರೆ ಇಟ್ಟ. ಉಳಿದದ್ದರಲ್ಲಿ ತಿನ್ನುವಂಥ ಏಡಿಗಳನ್ನು ಹಂಚಿದ. ಅನೀಶನ ಎದುರೂ ಒಂದು ಏಡಿ ಬಂತು.

"ಅಯ್ಯೊ, ನಮ್ಗೆ ಬ್ಯಾಡ, ನಾವ್ ತಿಂಬುದಿಲ್ಲ!"

"ತಿನ್ನಿ ಅಂದ್ ಹೇಳದ್ದ್ ಯಾರ್? ಹಗ್ಗ ಹಿಡ್ದವ್ರಿಗ್ ಪಾಲ್. ಬೇಕಾರ್ ಸಾಕಿ."

ಅನೀಶ್ ಏಡಿಯಿಂದ ದೂರ ಹಾರಿ, ಮಾತು ತಪ್ಪಿಸಲೆಂದೋ ಏನೋ, "ಸುಜನಣ್ಣ, ಸೂರ್ಯ ಬಂತಾ? ತೋರ್ಸಿ ಕಾಂಬ," ಎಂದ. ಅನ್ವಿತಾ ಆಗಲೇ ಅವನ ತೋಳಿನ ಪಕ್ಕ ಇಣುಕುತ್ತಿದ್ದಳು. ಕಿಟ್ಟಣ್ಣನೂ ಕೈಯನ್ನು ಲುಂಗಿಗೆ ಒರೆಸುತ್ತ ಬಂದ. ಇಲ್ಲ ಎನ್ನಬಹುದಿತ್ತು; ಬ್ಯಾಟರಿ ಇಲ್ಲ ಎನ್ನಬಹುದಿತ್ತು. ಸುಜನನ ಹೆಬ್ಬೆರಳು ಒತ್ತಿಯಾಗಿತ್ತು. ಪುಟ್ಟ ಪರದೆಯಲ್ಲಿ ಮುಳುಗಿದ ಸೂರ್ಯ ಮತ್ತೆ ಎದ್ದು ನಿಂತು ಮತ್ತೆ ಇಳಿಯತೊಡಗಿದ.

"ಅಬ್ಬಾ! ಅಮ್ಮಂಗೆ ಈಗ್ಲೇ ಕಳ್ಸ್ಕ್," ಎಂದಳು ಅನ್ವಿತಾ.

ಕಿಟ್ಟಣ್ಣ ಸೂರ್ಯನನ್ನು ನೋಡುತ್ತಿರಲಿಲ್ಲ. ಅವನ ಬೆರಳು ಪರದೆಯ ಮೂಲೆಯ ಹತ್ತಿರ ಬಂದು, ಗಾಜನ್ನು ಮುಟ್ಟದೆ, ಗಾಳಿಯಲ್ಲೇ ನಿಂತಿತು. ಮಚ್ಚೆ ಆ ಬೆರಳಿನ ಕೆಳಗೆ ಉಸಿರಾಡುತ್ತ ಹಾದುಹೋಯಿತು.

"ಇದ್ ಯಾವತ್ತಿಂದ್?"

"ಈಗಿಂದೇ. ನೀವ್ ಬಲೆ ಬಿಡುವತಿಗೆ."

"ನಿಂಗೆ ಆಗ್ಳೇ ಕಂಡಿತಾ?"

ವನಜಕ್ಕ ಬುಟ್ಟಿ ಎತ್ತುತ್ತಿದ್ದವಳು ಎತ್ತಲಿಲ್ಲ. ಅಮ್ಮ ಹಗ್ಗ ಸುತ್ತುತ್ತಲೇ ಇದ್ದಳು.

"ಕಂಡಿತ್," ಎಂದ ಸುಜನ್. ಯಾರ ಸ್ವರವೂ ಅಲ್ಲದ ಆ ಸ್ವರ ಅವನಿಗೇ ಗುರುತು ಸಿಗಲಿಲ್ಲ.

ಕಿಟ್ಟಣ್ಣ ತಲೆಯಾಡಿಸಿದ, ಒಪ್ಪಿಕೊಂಡದ್ದಕ್ಕಲ್ಲ, ಲೆಕ್ಕ ಮುಗಿದದ್ದಕ್ಕೆ. ಹಿಂದಿರುಗಿ ಬೇರೆ ಇಟ್ಟಿದ್ದ ಗುಡ್ಡೆಯ ಹತ್ತಿರ ಹೋದ. ಅದನ್ನು ಕಡಲಿಗೆ ಎಸೆಯುತ್ತಾನೆಂದು ಎಲ್ಲರೂ ದಾರಿ ಬಿಟ್ಟರು. ಅವನು ಬೊಗಸೆ ತುಂಬಿಕೊಂಡು ಸುಜನನ ಎದುರು ಬಂದು ನಿಂತ. "ಹಿಡಿ. ಕರ್ದದ್ದ್ ನೀನ್, ಕಂಡದ್ದೂ ನೀನ್. ಇದ್ ಬೇರೆ ಯಾರಿಗೂ ಹೋಪುದಲ್ಲ."

ಹಿಡಿಯಲು ಏನೂ ಇರಲಿಲ್ಲ. ಹೆಗಲ ಮೇಲಿನ ಕೆಂಪು ಬಟ್ಟೆಯನ್ನು ಸುಜನ್ ಬಿಡಿಸಿ ಚಾಚಿದ. "ಅದ್ ಬಾಡಿಗಿದ್..." ಎಂದು ಶುರುಮಾಡಿದ ಅನ್ವಿತಾ ಅಲ್ಲಿಗೇ ನಿಂತಳು. ಲೋಳೆ ತಣ್ಣಗೆ, ಸದ್ದಿಲ್ಲದೆ ಬಟ್ಟೆಯೊಳಗೆ ಜಾರಿತು, ಒಂದು ಬೊಗಸೆ, ಇನ್ನೊಂದು ಬೊಗಸೆ. ಬಟ್ಟೆಯಿಂದ ಸೋರಿ ಅವನ ಮಣಿಕಟ್ಟಿನ ಮೇಲೆ ಇಳಿಯಿತು.

"ನಾಳೆ ಬಪ್ಪುದಾರೆ," ಎಂದ ಕಿಟ್ಟಣ್ಣ, ಆಗಲೇ ದೋಣಿಯ ಕಡೆ ತಿರುಗಿ, "ಆ ಮಿಶಿನ್ ಮನೇಲ್ ಇಟ್ ಬಾ."

ಅಮ್ಮ ಬರಿಯ ಬುಟ್ಟಿ ಹೊತ್ತು ಮುಂದೆ ನಡೆದಳು. ಸುಜನ್ ಗಂಟು ಕಟ್ಟಿ ಹಿಂದೆ ನಡೆದ. ಪಡುವಣದಲ್ಲಿ ಹೇಳಿಕೊಳ್ಳುವಂಥ ಬಣ್ಣ ಏನೂ ಉಳಿದಿರಲಿಲ್ಲ. ಕಲ್ಲಿನ ತಡೆಗೋಡೆ ದಾಟುವಾಗ ಮಣಿಕಟ್ಟಿನಲ್ಲಿ ಮೊದಲು ಇರುವೆ ಹರಿದ ಹಾಗಾಯಿತು, ನಂತರ ತುರಿಕೆ, ನಂತರ ಉರಿ. ಲೋಳೆ ತಾಗಿದಲ್ಲೆಲ್ಲ ಕೆಂಪು ಗೆರೆಗಳು ಏಳುತ್ತಿದ್ದವು. ಮನೆಯ ಮುಂದಿನ ತಂತಿಯಲ್ಲಿ ಒಗೆದ ಬೈರಾಸು ತೂಗುತ್ತಿತ್ತು. ಉರಿ ಮೊಣಕೈಯವರೆಗೆ ಏರಿತು. ಸುಜನ್ ಗಂಟಿನ ಕೈ ಬದಲಿಸಲಿಲ್ಲ.